ಹೊಳೆ ಏರುವ ಹೊತ್ತಿಗೆ ಹಲಗೆ ಏರುವುದು: ಕಾಸರಗೋಡಿನ ಶಾಂತ ನೀರಿನಲ್ಲಿ ಪ್ಯಾಡಲ್ ಬೋರ್ಡ್, ಸಮಗ್ರ ಮಾರ್ಗದರ್ಶಿ

ಹತ್ತು ಅಡಿ ದಾಟಿದ ಉದ್ದದ ತೇಲುಹಲಗೆಯ ಮೇಲೆ ನಿಂತು, ಆಳೆತ್ತರ ಮೀರಿದ ಹುಟ್ಟಿನಿಂದ ನೀರನ್ನು ಹಿಂದಕ್ಕೆ ದೂಡುತ್ತ ಸಾಗುವುದೇ ಪ್ಯಾಡಲ್ ಬೋರ್ಡಿಂಗ್. ಬೀಳುತ್ತೇನೋ ಎಂಬ ಹೆದರಿಕೆ ಎಲ್ಲರಿಗೂ ಇರುತ್ತದೆ. ಆದರೆ ಸಮತೋಲ ಬರಲು ಹೆಚ್ಚಿನವರಿಗೆ ಅರ್ಧ ಗಂಟೆ ಸಾಕು. ನಮ್ಮ ಜಿಲ್ಲೆಯಲ್ಲಿ ಕಲಿಯಬೇಕಾದ ದೊಡ್ಡ ಪಾಠ ಬೇರೆ ಇದೆ, ಅದನ್ನು ದಡದಲ್ಲಿ ನಿಂತೇ ಕಲಿಯಬೇಕು.

ಈಗ ಊರಿಗೆ ಇಂಥ ಹಲಗೆಗಳು ಬರುವುದು ಹೆಚ್ಚಾಗಿ ಎರಡು ದಾರಿಯಲ್ಲಿ. ಗಲ್ಫಿನಿಂದ ರಜೆಗೆ ಬರುವವರು ಮಡಚಿದ ಗಾಳಿಹಲಗೆಯನ್ನು ಬ್ಯಾಗೇಜಿನಲ್ಲಿ ಹಾಕಿ ತರುತ್ತಾರೆ. ಬೆಂಗಳೂರಿನಲ್ಲಿರುವವರು ಆನ್‌ಲೈನಿನಲ್ಲಿ ತರಿಸಿ ಕಾರಿನ ಡಿಕ್ಕಿಯಲ್ಲಿಟ್ಟು ಬರುತ್ತಾರೆ. ಅಬುಧಾಬಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆಯೋ ಯಾವುದೋ ಕೆರೆಯಲ್ಲೋ ಕಲಿತವರಿಗೆ ಚಂದ್ರಗಿರಿ ಹೊಳೆಯ ಬೆಳಗಿನ ನೀರು ಅದೇ ಥರ ಕಾಣುತ್ತದೆ. ಅದು ಕೆರೆಯಲ್ಲ. ಮಂಜೇಶ್ವರದಿಂದ ವಲಿಯಪರಂಬದವರೆಗೆ ಶಾಂತವಾಗಿ ಕಾಣುವ ಅಗಲ ನೀರೆಲ್ಲ ಸಮುದ್ರದ ಉಸಿರಿಗೆ ಏರಿ ಇಳಿಯುವಂಥದ್ದು. ಆದ್ದರಿಂದ ಈ ಬರಹದಲ್ಲಿ ಹಲಗೆಗಿಂತ ಮೊದಲು ನೀರು.

ಹೊತ್ತು ಮೊದಲು, ಜಾಗ ಆಮೇಲೆ

ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ನಾಳೆಯ ಉಬ್ಬರ ಇವತ್ತಿಗಿಂತ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಏರಿಳಿತ ದೊಡ್ಡದು, ಅಷ್ಟಮಿಯ ಹೊತ್ತಿಗೆ ಸಣ್ಣದು. ನೀರು ಆರು ಗಂಟೆ ಒಂದೇ ವೇಗದಲ್ಲಿ ಇಳಿಯುವುದೂ ಇಲ್ಲ. ಮೊದಲ ಗಂಟೆಯಲ್ಲಿ ಮೆಲ್ಲಗೆ ಹೊರಟು, ಮೂರನೆಯ ಮತ್ತು ನಾಲ್ಕನೆಯ ಗಂಟೆಗಳಲ್ಲಿ ಸರಿಸುಮಾರು ಅರ್ಧದಷ್ಟು ಇಳಿದುಬಿಡುತ್ತದೆ. ಅಳಿವೆ ಬಾಗಿಲಿನ ಬಳಿ ಸೆಳೆತ ಅತಿ ಜೋರಿರುವುದು ಆಗಲೇ.

ಇದಕ್ಕೆ ಗಾಳಿಯನ್ನು ಕೂಡಿಸಿ. ಮಳೆಗಾಲ ಕಳೆದ ಮೇಲೆ ನಮ್ಮಲ್ಲಿ ಬೆಳಗಿನ ಜಾವ ಬೀಸುವುದು ಮೂಡುಗಾಳಿ, ನೆಲದಿಂದ ಸಮುದ್ರದ ಕಡೆಗೆ. ಬಿಸಿಲೇರಿ ನೆಲ ಕಾಯುತ್ತಿದ್ದಂತೆ, ಹತ್ತು ಹನ್ನೊಂದರ ಹೊತ್ತಿಗೆ, ಅದು ನಿಂತು ಪಡುಗಾಳಿ ಶುರುವಾಗುತ್ತದೆ. ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ ಅದರ ಬಿರುಸು ಹೆಚ್ಚು. ಬೆಳಗಿನ ನೀರು ಕನ್ನಡಿಯಂತಿದೆ ಎಂದು ನಂಬಿ ಇಳಿತದ ನಡುವೆ ಹೊಳೆಗೆ ಇಳಿದರೆ, ಗಾಳಿ ಮತ್ತು ಸೆಳೆತ ಎರಡೂ ಸೇರಿ ದೂಡುವುದು ಅಳಿವೆಯ ಕಡೆಗೇ. ಹೋಗುವಾಗ ಹಾಯೆನಿಸುತ್ತದೆ, ತಿರುಗಿದಾಗಲೇ ಗೊತ್ತಾಗುವುದು. ಹೊಸಬರು ನಿಂತು ಹುಟ್ಟುಹಾಕಿದರೆ ಗಂಟೆಗೆ ಮೂರು ನಾಲ್ಕು ಕಿಲೋಮೀಟರು. ದೊಡ್ಡ ಇಳಿತದ ಸೆಳೆತ ಇಕ್ಕಟ್ಟಿನ ಅಳಿವೆಯಲ್ಲಿ ಅದನ್ನು ಮೀರಬಲ್ಲದು.

ಆದ್ದರಿಂದ ಕಲಿಯುವವರಿಗೆ ಒಳ್ಳೆಯ ಹೊತ್ತು ಒಂದೇ: ಬೆಳಗ್ಗೆ ನೀರು ಏರುತ್ತಿದ್ದು, ಪಡುಗಾಳಿ ಏಳುವ ಮೊದಲೇ ತುಂಬಿ ನಿಲ್ಲುವ ದಿನ. ಇದಕ್ಕೆ ಮನೆಯ ಗೋಡೆಯ ಕ್ಯಾಲೆಂಡರೇ ಸಹಾಯಕ್ಕೆ ಬರುತ್ತದೆ. ನಮ್ಮ ಕರಾವಳಿಯಲ್ಲಿ ಹುಣ್ಣಿಮೆ ಮತ್ತು ಅಮಾವಾಸ್ಯೆಯ ಹಗಲಿನ ಉಬ್ಬರ ನಡುಹಗಲಿನ ಆಸುಪಾಸಿನಲ್ಲಿ ತುಂಬುತ್ತದೆ. ಅಲ್ಲಿಂದ ಹಿಂದಕ್ಕೆ ದಿನಕ್ಕೆ 50 ನಿಮಿಷದಂತೆ ಲೆಕ್ಕ ಹಾಕಿದರೆ ಏಕಾದಶಿ, ದ್ವಾದಶಿ, ತ್ರಯೋದಶಿಗಳಲ್ಲಿ ನೀರು ತುಂಬುವುದು ಸುಮಾರಾಗಿ ಎಂಟರಿಂದ ಹತ್ತು ಗಂಟೆಯೊಳಗೆ. ಏರಿಳಿತವೂ ಆಗ ಮಧ್ಯಮ. ಶುಕ್ಲಪಕ್ಷದಲ್ಲೂ ಹೀಗೇ, ಕೃಷ್ಣಪಕ್ಷದಲ್ಲೂ ಹೀಗೇ. ಅಷ್ಟಮಿಯ ಬೆಳಗ್ಗೆ ನೀರು ಮೆಲ್ಲಗಾದರೂ ಹೊರಕ್ಕೇ ಹರಿಯುತ್ತಿರುತ್ತದೆ. ಹುಣ್ಣಿಮೆಯ ಬೆಳಗ್ಗೆ ಒಳಕ್ಕೆ ಬರುತ್ತಿದ್ದರೂ ರಭಸ ಹೆಚ್ಚು.

ತಿಥಿಯ ಲೆಕ್ಕ ದಿನ ಆರಿಸಲಿಕ್ಕೆ ಮಾತ್ರ. ಹೊರಡುವ ಹಿಂದಿನ ರಾತ್ರಿ ಮಂಗಳೂರು ಬಂದರಿನ ಉಬ್ಬರದ ವೇಳಾಪಟ್ಟಿಯನ್ನು ಮೊಬೈಲಿನಲ್ಲಿ ನೋಡಿಕೊಳ್ಳಿ. ಅದು ಕಡಲಂಚಿನ ಹೊತ್ತು. ಹೊಳೆಯೊಳಗೆ ಹೋದಷ್ಟೂ ಉಬ್ಬರ ತಡ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಕಡಲ ಮುನ್ಸೂಚನೆಯನ್ನೂ ನೋಡಬೇಕು. ಕೇರಳ ಕರಾವಳಿಗೆ ‘ಕಳ್ಳಕ್ಕಡಲ್’ ಎಚ್ಚರಿಕೆ ಬಂದಿದ್ದರೆ ಆ ದಿನ ಹಲಗೆ ಮನೆಯಲ್ಲೇ ಇರಲಿ. ಅದು ದೂರದ ದಕ್ಷಿಣ ಸಾಗರದಿಂದ ಬರುವ ಉದ್ದಲೆ. ಇಲ್ಲಿ ಗಾಳಿಯಿಲ್ಲ, ಮೋಡವಿಲ್ಲ, ಆದರೂ ನೀರು ದಡಕ್ಕೆ ನುಗ್ಗುತ್ತದೆ. ಹೆಸರು ಬಂದದ್ದೂ ಅದಕ್ಕೇ, ಕಳ್ಳನಂತೆ ಬರುವ ಕಡಲು.

ದಡ ತಲುಪಿದ ಮೇಲೆ ಇನ್ನೊಂದು ಪರೀಕ್ಷೆ. ತೆಂಗಿನ ಸಿಪ್ಪೆಯ ತುಂಡೊಂದನ್ನು ನೀರಿಗೆಸೆದು ನೋಡಿ. ಅದು ಮೇಲಕ್ಕೆ ಹೋಗುತ್ತಿದೆಯೋ ಕೆಳಕ್ಕೋ, ಎಷ್ಟು ಬೇಗ? ಹತ್ತು ಮೀಟರು ದೂರವನ್ನು ಇಪ್ಪತ್ತು ಸೆಕೆಂಡಿಗಿಂತ ಬೇಗ ದಾಟಿದರೆ ಆ ಸೆಳೆತ ನಿಮ್ಮ ವೇಗದ ಅರ್ಧವನ್ನು ತಿಂದುಹಾಕುತ್ತದೆ, ಕಾಯಿರಿ. ಗಾಳಿಗೆ ತೆಂಗಿನ ಮರವೇ ಸಾಕ್ಷಿ. ಗರಿಯ ತುದಿ ಅಲ್ಲಾಡುತ್ತಿದ್ದರೆ ಸರಿ. ಇಡೀ ಹೆಡೆ ತೂಗುತ್ತ ಸದ್ದು ಮಾಡುತ್ತಿದ್ದರೆ ಬೇಡ. ನೀರಿನ ಮೇಲೆ ಬಿಳಿ ನೊರೆ ಒಡೆಯುತ್ತಿದ್ದರೆ ಅನುಭವಿಗಳೂ ನಿಲ್ಲಬೇಕು. ಇಳಿತಕ್ಕೆ ಎದುರಾಗಿ ಪಡುಗಾಳಿ ಬೀಸುವ ಸಂಜೆಗಳಲ್ಲಿ ಸಣ್ಣ ಹೊಳೆಯಲ್ಲೂ ಕಡಿದಾದ ಗಿಡ್ಡ ಅಲೆಗಳೇಳುತ್ತವೆ, ನಿಂತವರ ಮಂಡಿಗೆ ಅದೇ ದೊಡ್ಡ ಕಾಟ.

ಋತುವಿನ ವಿಚಾರ ಒಂದೇ ಮಾತಿನಲ್ಲಿ: ನವೆಂಬರಿನಿಂದ ಮಾರ್ಚ್. ಜೂನಿನಿಂದ ಸೆಪ್ಟೆಂಬರ್‌ವರೆಗೆ ಕೆಂಪು ನೀರು, ತೇಲಿಬರುವ ಮರದ ದಿಮ್ಮಿ, ಸುಳಿ. ಆಗ ಹೊಳೆ ಪ್ಯಾಡಲ್ ಬೋರ್ಡಿನದ್ದಲ್ಲ.

ಎಲ್ಲಿ ಇಳಿಯುವುದು

ಕಾಸರಗೋಡು ಪೇಟೆಗೆ ಹತ್ತಿರದ್ದು ಚಂದ್ರಗಿರಿ. ಪಶ್ಚಿಮ ಘಟ್ಟದಲ್ಲಿ ಹುಟ್ಟಿ ಸುಳ್ಯದ ಕಡೆಯಿಂದ ಪಯಸ್ವಿನಿಯಾಗಿ ಹರಿದು ಬಂದು ತಳಂಗರೆಯ ಬಳಿ ಸಮುದ್ರ ಸೇರುತ್ತದೆ. ಕೆಳದಿಯವರ ಕಾಲದ ಕೋಟೆ ಎಡದಂಡೆಯ ದಿಬ್ಬದ ಮೇಲಿದೆ. ಕೋಟೆಯನ್ನು ನೀರಿನಿಂದ ನೋಡುವ ಆಸೆಗೆ ಹಲವರು ಸೇತುವೆಗಳ ಕೆಳಗೇ ಹೊರಡುತ್ತಾರೆ, ನನಗೆ ಅದು ಸರಿಕಾಣುವುದಿಲ್ಲ. ರಸ್ತೆ ಸೇತುವೆಗೂ ರೈಲು ಸೇತುವೆಗೂ ಕಂಬಗಳಿವೆ, ಕಂಬಕ್ಕೆ ತಾಗಿ ಹರಿಯುವ ನೀರು ಹಲಗೆಯನ್ನು ಅಡ್ಡ ತಿರುಗಿಸಿ ಒತ್ತಿಹಿಡಿಯುತ್ತದೆ, ಕೆಳಗೆ ಅಳಿವೆ. ಕಲಿಯುವವರು ಸೇತುವೆಗಳಿಗಿಂತ ಸಾಕಷ್ಟು ಮೇಲೆ, ಹೊಳೆ ಅಗಲವಾಗಿ ತಿರುಗುವ ಕಡೆ ಇಳಿಯಬೇಕು.

ಉತ್ತರಕ್ಕೆ ಕುಂಬಳೆಯ ಬದಿಯ ಶಿರಿಯ ಹೊಳೆ ಇನ್ನೂ ಸಣ್ಣದು, ಕುದ್ರುಗಳ ನಡುವೆ ತಿರುಗಾಡಲು ಚೆನ್ನ. ಆದರೆ ನೀರಿಳಿದಾಗ ಹೊಯಿಗೆ ದಿಬ್ಬ ಮೇಲೇಳುತ್ತದೆ. ಹಲಗೆಯಡಿಯ ರೆಕ್ಕೆಯಂಥ ಫಿನ್ ತಟ್ಟನೆ ಕಚ್ಚಿಕೊಂಡರೆ ನಿಂತವರು ಮುಂದಕ್ಕೆ ಹಾರುತ್ತಾರೆ.

ಜಿಲ್ಲೆಯಲ್ಲಿ ಈ ಆಟಕ್ಕೆ ಹೇಳಿಮಾಡಿಸಿದ ನೀರು ದಕ್ಷಿಣದ ತುದಿಯಲ್ಲಿದೆ. ವಲಿಯಪರಂಬದ ಹಿನ್ನೀರು ಸಮುದ್ರಕ್ಕೆ ಸಮಾನಾಂತರವಾಗಿ ಚಾಚಿಕೊಂಡಿದೆ. ನಡುವೆ ತೆಂಗು ಬೆಳೆದ ಕಿರಿದಾದ ಹೊಯಿಗೆ ಪಟ್ಟಿ. ಆಚೆ ಅಲೆ ಅಬ್ಬರಿಸುತ್ತಿದ್ದರೂ ಈಚೆ ನೀರು ಸುಮ್ಮನಿರುತ್ತದೆ. ತಡವಾಗಿ ಎದ್ದವರಿಗೂ ಅಲ್ಲಿ ಸ್ವಲ್ಪ ರಿಯಾಯಿತಿ ಇದೆ, ಪಶ್ಚಿಮದ ದಡಕ್ಕೆ ಹತ್ತಿರವಾಗಿ ಹೋದರೆ ತೆಂಗಿನ ಸಾಲು ಪಡುಗಾಳಿಯನ್ನು ತಡೆಯುತ್ತದೆ. ನೀಲೇಶ್ವರದ ಕೋಟ್ಟಪ್ಪುರಂ ಕಡೆಯ ತೇಜಸ್ವಿನಿ ಹೊಳೆಯೂ ಅಗಲ, ಚೆಂದ. ಆದರೆ ಅಲ್ಲಿ ಹೌಸ್‌ಬೋಟುಗಳ ಓಡಾಟವಿದೆ. ಅವುಗಳ ಅಲೆಗೆ ಹಲಗೆಯ ಮೂತಿಯನ್ನೇ ಎದುರು ಕೊಡಬೇಕು, ಪಕ್ಕೆಯನ್ನಲ್ಲ.

ಇಳಿಯುವ ಜಾಗ ಹೆಚ್ಚಾಗಿ ಯಾರದ್ದಾದರೂ ತೋಟದ ಅಂಚೇ ಆಗಿರುತ್ತದೆ. ಕೇಳಿಯೇ ದಾಟಬೇಕು. ‘ಅಣ್ಣ’ ಎಂದೋ ‘ಇಚ್ಚ’ ಎಂದೋ ಮಾತಿಗೆ ಶುರುಮಾಡಿ ನೀರಿನ ವಿಚಾರವನ್ನೂ ಕೇಳಿಬಿಡಿ. ‘ಈಗ ಏಟ್ಟವೋ ಇರಕ್ಕವೋ’ (ಉಬ್ಬರವೋ ಇಳಿತವೋ) ಎಂದರೆ ದೋಣಿಯವರು ಕೂತಲ್ಲಿಂದಲೇ ಉತ್ತರ ಕೊಡುತ್ತಾರೆ. ಮೊಬೈಲಿನ ಪಟ್ಟಿಗೂ ಅವರ ಮಾತಿಗೂ ತಾಳೆಯಾಗದಿದ್ದರೆ ಅವರ ಮಾತನ್ನೇ ನಂಬುವುದು ಒಳ್ಳೆಯದು.

ಯಾರಾದರೂ ಹೇಳಿಕೊಟ್ಟರೆ ಕಲಿಯುತ್ತೇನೆ ಎನ್ನುವವರಿಗೆ ಮಂಗಳೂರಿನ ಉತ್ತರಕ್ಕಿರುವ ಮೂಲ್ಕಿ ದೂರವಲ್ಲ. ಅಲ್ಲಿ 2004ರಲ್ಲಿ ಶುರುವಾದ ಮಂತ್ರ ಸರ್ಫ್ ಕ್ಲಬ್ಬಿನಿಂದಾಗಿ ಹಲಗೆಯ ಆಟಗಳಿಗೆ ಒಂದು ಪರಂಪರೆಯೇ ಇದೆ. ಹತ್ತಿರದ ಸಸಿಹಿತ್ಲು ಕಡಲತೀರದಲ್ಲಿ 2024ರ ಮಾರ್ಚಿನಲ್ಲಿ ಅಂತಾರಾಷ್ಟ್ರೀಯ ಮಟ್ಟದ ಪ್ಯಾಡಲ್ ಸ್ಪರ್ಧೆಯೂ ನಡೆದಿತ್ತು.

ಸಾಮಾನು

ಕೊಳ್ಳುವ ಮೊದಲು ಬಾಡಿಗೆಗೆ ಒಮ್ಮೆ ನಿಂತು ನೋಡಿ. ಕೊಳ್ಳುವುದಾದರೆ ಗಾಳಿ ತುಂಬುವ ಹಲಗೆಯೇ ನಮ್ಮ ಊರಿಗೆ ಸರಿ. ಗಟ್ಟಿ ಹಲಗೆ ನೀರಲ್ಲಿ ಇನ್ನಷ್ಟು ಚುರುಕು, ಆದರೆ ಅದನ್ನು ಕಾರಿನ ತಲೆಯ ಮೇಲೆ ಕಟ್ಟಿ, ತೋಟದ ಕಾಲುಸಂಕ ದಾಟಿಸಿ, ಕಲ್ಲಿಗೆ ತಾಗದಂತೆ ಇಳಿಸುವುದರಲ್ಲೇ ಬೆಳಗು ಮುಗಿಯುತ್ತದೆ. ಗಾಳಿಹಲಗೆಯ ಒಳಗೆ ಮೇಲಿನ ಪದರ ಮತ್ತು ಕೆಳಗಿನ ಪದರವನ್ನು ಸಾವಿರಾರು ದಾರಗಳು ಹಿಡಿದಿಡುತ್ತವೆ. ಅದಕ್ಕೇ ಎಷ್ಟು ಗಾಳಿ ತುಂಬಿದರೂ ಅದು ದಿಂಬಿನಂತೆ ಉಬ್ಬದೆ ಚಪ್ಪಟೆಯಾಗಿಯೇ ಬಿಗಿಯುತ್ತದೆ.

ಅಳತೆ: ಉದ್ದ 10 ಅಡಿ 6 ಇಂಚಿನಿಂದ 11 ಅಡಿ, ಅಗಲ 32ರಿಂದ 34 ಇಂಚು, ದಪ್ಪ 6 ಇಂಚು. ಅಗಲದಲ್ಲಿ ಜಿಪುಣತನ ಬೇಡ, 30 ಇಂಚಿಗಿಂತ ಕಿರಿದಾದದ್ದು ಓಟದವರಿಗೆ. ಹುಟ್ಟಿನ ಉದ್ದ ನಿಮ್ಮ ಎತ್ತರಕ್ಕಿಂತ 8ರಿಂದ 10 ಇಂಚು ಹೆಚ್ಚು. ಅಳೆಯುವ ಸುಲಭ ಉಪಾಯವೆಂದರೆ ಹುಟ್ಟನ್ನು ಪಕ್ಕದಲ್ಲಿ ನಿಲ್ಲಿಸಿ ಕೈಯನ್ನು ಮೇಲಕ್ಕೆ ಚಾಚುವುದು. ಹಿಡಿ ಮಣಿಕಟ್ಟಿಗೆ ಬರಬೇಕು.

ಲೈಫ್ ಜಾಕೆಟನ್ನು ಹಲಗೆಗೆ ಕಟ್ಟಿಡುವ ಚಾಳಿ ಕೆಲವರಿಗಿದೆ. ಅದು ಮೈಮೇಲೆ ಇರಬೇಕಾದ್ದು. ಲೇಬಲಿನಲ್ಲಿ ತೇಲುಬಲ ನ್ಯೂಟನ್ ಲೆಕ್ಕದಲ್ಲಿರುತ್ತದೆ. 50 ನ್ಯೂಟನ್ ಎಂದರೆ ಈಜು ಬರುವವರಿಗೆ, ತೋಳಾಡಿಸಲು ಸುಲಭ. 100 ನ್ಯೂಟನ್ನಿನದ್ದು ಈಜು ಬಾರದವರಿಗೆ. ಈಜು ಬಾರದವರು ಜಾಕೆಟ್ ಹಾಕಿದರೂ ಸೊಂಟದ ನೀರು ಮೀರಿ ಹೋಗಬಾರದು ಎಂಬುದು ನನ್ನ ಹಟ. ಮೊದಲು ಈಜು ಕಲಿಯಲಿ, ಹಲಗೆ ಎಲ್ಲಿಗೂ ಓಡಿಹೋಗುವುದಿಲ್ಲ.

ಲೀಶ್ ಎಂದರೆ ನಿಮ್ಮನ್ನೂ ಹಲಗೆಯನ್ನೂ ಕಟ್ಟಿಡುವ ಹಗ್ಗ. ಬಿದ್ದಾಗ ಗಾಳಿಗೆ ಹಲಗೆ ನೀವು ಈಜುವುದಕ್ಕಿಂತ ಬೇಗ ದೂರ ಹೋಗುತ್ತದೆ, ಹಾಗಾಗಿ ಇದು ಬೇಕೇ ಬೇಕು. ಆದರೆ ಎಲ್ಲಿಗೆ ಕಟ್ಟುವುದು ಎನ್ನುವಲ್ಲಿ ಕೆರೆಯವರ ಬುದ್ಧಿ ಇಲ್ಲಿ ನಡೆಯದು. ಕೆರೆಯಲ್ಲಿ ಸುರುಳಿ ಲೀಶನ್ನು ಕಾಲಿನ ಮಣಿಗಂಟಿಗೆ ಕಟ್ಟುತ್ತಾರೆ. ನಮ್ಮ ಹೊಳೆಗಳಲ್ಲಿ ನೀರು ಹರಿಯುತ್ತದೆ, ಬಲೆಯ ಕಂಬಗಳಿವೆ, ಕಾಂಡ್ಲಾ ಬೇರುಗಳಿವೆ. ಕಂಬದ ಆಚೆ ಹಲಗೆ, ಈಚೆ ನೀವು, ನಡುವೆ ಹಗ್ಗ ಸಿಕ್ಕಿಕೊಂಡರೆ ಸೆಳೆತ ಎರಡನ್ನೂ ಎಳೆಯುತ್ತದೆ. ಆಗ ಬಗ್ಗಿ ಕಾಲಿನ ಪಟ್ಟಿ ಬಿಚ್ಚಲಾಗುವುದಿಲ್ಲ, ನೀರು ಮೈಯನ್ನು ಸೆಟೆದು ಹಿಡಿದಿರುತ್ತದೆ. ಅದಕ್ಕೆ ಸೊಂಟಪಟ್ಟಿಯ ಲೀಶ್ ಕೊಳ್ಳಿ, ಎದುರಿಗಿರುವ ಗುಬುಟು ಎಳೆದರೆ ತಟ್ಟನೆ ಬಿಚ್ಚಿಕೊಳ್ಳುವಂಥದ್ದು. ದಡದಲ್ಲಿ ಕಣ್ಣು ಮುಚ್ಚಿ, ಎಡಗೈಯಲ್ಲೊಮ್ಮೆ ಬಲಗೈಯಲ್ಲೊಮ್ಮೆ ಎಳೆದು ಅಭ್ಯಾಸ ಮಾಡಿ.

ಇನ್ನುಳಿದದ್ದು ಸೀಟಿ, ಜಲನಿರೋಧಕ ಚೀಲದಲ್ಲಿ ಕೊರಳಿಗೆ ತೂಗಿದ ಫೋನು, ಟೊಪ್ಪಿ, ಉದ್ದತೋಳಿನ ಅಂಗಿ, ಒಂದು ಲೀಟರ್ ನೀರು. ಕಾಲಿಗೆ ತೆಳುವಾದ ರಬ್ಬರ್ ಬೂಟು, ಯಾಕೆಂದರೆ ಕಲ್ಲಿಗಂಟಿದ ಚಿಪ್ಪು ಬ್ಲೇಡಿನಷ್ಟೇ ಹರಿತ.

ಗಾಳಿ ತುಂಬಿಸುವುದು

ವಾಲ್ವಿನ ಮುಚ್ಚಳ ತೆಗೆದರೆ ನಡುವೆ ಸಣ್ಣ ಗೂಟ ಕಾಣುತ್ತದೆ. ಅದು ಮೇಲೆದ್ದಿರಬೇಕು. ಒಳಗೆ ಕೂತಿದ್ದರೆ, ಕಷ್ಟಪಟ್ಟು ತುಂಬಿದ ಗಾಳಿ ಪಂಪಿನ ಕೊಳವೆ ತೆಗೆದೊಡನೆ ಹೊರಬರುತ್ತದೆ. ಒತ್ತಿ ತಿರುಗಿಸಿದರೆ ಮೇಲೇಳುತ್ತದೆ. ಪಂಪ್ ಎರಡೂ ಕಡೆ ಗಾಳಿ ತಳ್ಳುವ ಬಗೆಯದಾದರೆ ಶುರುವಿನಲ್ಲಿ ಹಾಗೆಯೇ ಬಿಡಿ. ಕೈ ಭಾರವಾದಾಗ ಒಂದೇ ಕಡೆಗೆ ಬದಲಿಸಿ. ಮಾಪಕದ ಮುಳ್ಳು ಬಹಳ ಹೊತ್ತು ಸೊನ್ನೆಯಲ್ಲೇ ನಿಂತಿರುತ್ತದೆ, ಅದು ಕೆಟ್ಟಿಲ್ಲ. ಹಲಗೆ ಪೂರ್ತಿ ಆಕಾರಕ್ಕೆ ಬಂದ ಮೇಲೆಯೇ ಮುಳ್ಳು ಏಳುವುದು. ಒತ್ತಡದ ಲೆಕ್ಕದಲ್ಲಿ 12ರಿಂದ 15 ಪಿಎಸ್‌ಐ ಸಾಮಾನ್ಯ ಗುರಿ, ನಿಮ್ಮ ಹಲಗೆಯ ಮೇಲೆ ಬರೆದ ಮಿತಿಯನ್ನು ಮೀರಬೇಡಿ. ಸಡಿಲ ಬಿಟ್ಟರೆ ನಡುವೆ ಬಾಗಿ ನಿಲ್ಲುವುದೇ ಕಷ್ಟವಾಗುತ್ತದೆ. ಹೊಸಬರ ತೂರಾಟಕ್ಕೆ ಅರ್ಧ ಕಾರಣ ಕಡಿಮೆ ಗಾಳಿಯೇ.

ನಮ್ಮ ಬಿಸಿಲಿಗೆ ಒಂದು ಎಚ್ಚರಿಕೆ. ಬೆಳಗ್ಗೆ 25 ಡಿಗ್ರಿಯಲ್ಲಿ 15 ಪಿಎಸ್‌ಐ ತುಂಬಿ ಹಲಗೆಯನ್ನು ಬಿಸಿಲಲ್ಲಿ ಬಿಟ್ಟು ತಿಂಡಿಗೆ ಹೋದರೆ, ಒಳಗಿನ ಗಾಳಿ 55 ಡಿಗ್ರಿಗೆ ಕಾದಾಗ ಒತ್ತಡ ಸುಮಾರು 3 ಪಿಎಸ್‌ಐ ಏರುತ್ತದೆ. ಅಂಟಿಸಿದ ಅಂಚು ಬಿಟ್ಟುಕೊಳ್ಳುವುದು ಹೀಗೆ. ನೀರಿನಲ್ಲಿರುವಾಗ ಚಿಂತೆಯಿಲ್ಲ, ತಳ ತಂಪಾಗಿರುತ್ತದೆ. ದಡಕ್ಕೆ ಬಂದರೆ ನೆರಳು, ಇಲ್ಲವಾದರೆ ಸ್ವಲ್ಪ ಗಾಳಿ ಬಿಡಿ. ಫಿನ್ ಹಾಕುವಾಗ ಅದರ ಬಾಗಿದ ತುದಿ ಹಿಂದಕ್ಕಿರಲಿ.

ಹತ್ತುವುದು, ಏಳುವುದು

ಹಲಗೆಯನ್ನು ಮೊಣಕಾಲಿನ ನೀರಿಗೆ ತನ್ನಿ, ಫಿನ್ ನೆಲಕ್ಕೆ ತಾಗಬಾರದು. ನಡುವಿನ ಹಿಡಿಕೆಯೇ ಹಲಗೆಯ ತೂಕದ ನಡು. ಹುಟ್ಟನ್ನು ಅಡ್ಡಲಾಗಿ ಮುಂದಿಟ್ಟು, ಹಿಡಿಕೆಯ ಎರಡೂ ಬದಿಗೆ ಒಂದೊಂದು ಮೊಣಕಾಲೂರಿ ಹತ್ತಿ. ಹತ್ತು ನಿಮಿಷ ಮೊಣಕಾಲಲ್ಲೇ ಹುಟ್ಟುಹಾಕಿ. ಇದನ್ನು ಅವಮಾನವೆಂದು ತಿಳಿಯುವವರು ಬೇಗ ಬೀಳುತ್ತಾರೆ. ಗಾಳಿ ಎದ್ದ ದಿನ ಅನುಭವಿಗಳೂ ದಡ ಸೇರುವುದು ಮೊಣಕಾಲಲ್ಲೇ, ನಿಂತ ಮೈ ಗಾಳಿಗೆ ಹಾಯಿಯಾಗುತ್ತದೆ.

ನಿಲ್ಲುವಾಗ ಎರಡೂ ಕೈ ಹಲಗೆಯ ಮೇಲೆ. ಒಂದು ಪಾದವನ್ನು ಮೊಣಕಾಲಿದ್ದ ಜಾಗಕ್ಕೆ ತನ್ನಿ, ಆಮೇಲೆ ಇನ್ನೊಂದು. ಕಾಲುಗಳು ಸೊಂಟದಗಲಕ್ಕೆ, ಬೆರಳು ನೇರ ಮುಂದಕ್ಕೆ. ತಲೆ ಎಲ್ಲಕ್ಕಿಂತ ಕೊನೆಗೆ ಏಳಲಿ. ನಿಂತ ಕೂಡಲೇ ಹುಟ್ಟನ್ನು ನೀರಿಗೆ ಹಾಕಿ, ಯಾಕೆಂದರೆ ನಿಂತ ಹಲಗೆಗಿಂತ ಸಾಗುವ ಹಲಗೆ ಭದ್ರ. ಕಣ್ಣು ಎದುರು ದಡದ ಮೇಲಿರಲಿ. ಪಾದ ನೋಡಿದರೆ ಮೈ ಪಾದದ ಕಡೆಗೇ ಹೋಗುತ್ತದೆ. ಮಂಡಿ ಸ್ವಲ್ಪ ಸಡಿಲ. ಕಡವಿನಲ್ಲಿ ದೋಣಿಯವರು ಗಳ ಊರುವಾಗ ಅವರ ಮಂಡಿಯನ್ನು ನೋಡಿ. ದೋಣಿ ಅಲ್ಲಾಡುತ್ತದೆ, ಸೊಂಟದ ಮೇಲಿನ ಮೈ ಅಲ್ಲಾಡುವುದಿಲ್ಲ. ಶುರುವಿನಲ್ಲಿ ಪಾದ ಜೋಮು ಹಿಡಿಯುತ್ತದೆ, ಬೆರಳುಗಳಿಂದ ಹಲಗೆಯನ್ನು ಕಚ್ಚಿ ಹಿಡಿಯುವುದರಿಂದ. ನಡುನಡುವೆ ಕೂತು ಬೆರಳು ಬಿಡಿಸಿಕೊಳ್ಳಿ.

ಹುಟ್ಟಿನ ಕೆಲಸ

ಹುಟ್ಟಿನ ಅಲಗು ಹಿಡಿಗೆ ನೇರವಾಗಿರದೆ ಸ್ವಲ್ಪ ಬಾಗಿರುತ್ತದೆ. ಆ ಬಾಗು ಮುಂದಕ್ಕೆ, ಹಲಗೆಯ ಮೂತಿಯ ಕಡೆಗೆ ಇರಬೇಕು. ಸೌಟಿನಿಂದ ಬಳಿದಂತೆ ನೀರನ್ನು ತನ್ನ ಕಡೆಗೆ ಎಳೆಯಬೇಕೆಂದು ತಿಳಿದು ಮುಕ್ಕಾಲು ಪಾಲು ಜನ ತಿರುಗುಮುರುಗಾಗಿ ಹಿಡಿಯುತ್ತಾರೆ. ಬಾಗು ಮುಂದಕ್ಕಿದ್ದರೆ, ಎಳೆತದ ಕೊನೆಯಲ್ಲಿ ಅಲಗು ನೀರಲ್ಲಿ ನೆಟ್ಟಗೆ ನಿಲ್ಲುತ್ತದೆ, ನೀರನ್ನು ಮೇಲಕ್ಕೆತ್ತುವುದಿಲ್ಲ.

ಬಲಕ್ಕೆ ಹುಟ್ಟುಹಾಕುವಾಗ ಎಡಗೈ ತುದಿಯ ಹಿಡಿಯ ಮೇಲೆ, ಬಲಗೈ ಕೆಳಗೆ. ಬದಿ ಬದಲಿಸಿದಾಗ ಕೈಯೂ ಬದಲಾಗಬೇಕು. ಸೊಂಟದಿಂದ ಬಗ್ಗಿ ಮುಂದಕ್ಕೆ ಚಾಚಿ, ಅಲಗು ಪೂರ್ತಿ ಮುಳುಗಿದ ಮೇಲೆಯೇ ಎಳೆಯಿರಿ, ಪಾದದ ಹತ್ತಿರ ಬಂದೊಡನೆ ಹೊರಗೆ ತೆಗೆಯಿರಿ. ಪಾದ ದಾಟಿ ಎಳೆದರೆ ಹಲಗೆ ತಿರುಗುತ್ತದೆಯೇ ಹೊರತು ಮುಂದೆ ಹೋಗುವುದಿಲ್ಲ. ತೋಳಿನಿಂದ ಎಳೆಯುವವರು ಇಪ್ಪತ್ತು ನಿಮಿಷಕ್ಕೆ ದಣಿಯುತ್ತಾರೆ. ತೋಳು ನೆಟ್ಟಗಿಟ್ಟು ಬೆನ್ನು ಮತ್ತು ಹೊಟ್ಟೆಯ ತಿರುವಿನಿಂದ ಎಳೆಯುವವರು ಗಂಟೆಗಟ್ಟಲೆ ಹೋಗುತ್ತಾರೆ. ಹುಟ್ಟು ನೀರಿಗೆ ನೆಟ್ಟಗಿದ್ದಷ್ಟೂ ದಾರಿ ನೇರ. ಅದಕ್ಕೆ ಮೇಲಿನ ಕೈಯನ್ನು ಹಲಗೆಯ ಅಂಚಿನಾಚೆ ನೀರಿನ ಮೇಲಕ್ಕೆ ಒಯ್ಯಬೇಕು. ಒಂದು ಬದಿಗೆ ನಾಲ್ಕೈದು ಎಳೆತ, ಮತ್ತೆ ಇನ್ನೊಂದು ಬದಿಗೆ.

ತಿರುಗಲು ಮೂತಿಯಿಂದ ಬಾಲದವರೆಗೆ ನೀರಲ್ಲಿ ದೊಡ್ಡ ಕಮಾನು ಬರೆಯಿರಿ. ಬಲಕ್ಕೆ ಕಮಾನು ಬರೆದರೆ ಹಲಗೆ ಎಡಕ್ಕೆ. ಬಾಲದಿಂದ ಮೂತಿಗೆ ಹಿಂದುಮುಂದಾಗಿ ಬರೆದರೆ ಅದೇ ಬದಿಗೆ ತಿರುಗುತ್ತದೆ, ವೇಗವೂ ಕಡಿಮೆಯಾಗುತ್ತದೆ. ತುರ್ತಾಗಿ ನಿಲ್ಲಬೇಕಾದರೆ ಬಾಲದ ಬಳಿ ಅಲಗನ್ನು ನೀರಿಗಿಳಿಸಿ ಎರಡೂ ಬದಿ ಬೇಗ ಬೇಗ ಹಿಂದಿನಿಂದ ಮುಂದಕ್ಕೆ ತಳ್ಳಿ. ಮೊದಲ ದಿನಕ್ಕೆ ಇಷ್ಟು ಸಾಕು. ಬಾಲದ ಮೇಲೆ ಹೆಜ್ಜೆಯಿಟ್ಟು ಗಿರ್ರನೆ ತಿರುಗುವುದನ್ನು ವೀಡಿಯೊಗಳಲ್ಲಿ ನೋಡಿರುತ್ತೀರಿ, ಅದು ಮುಂದಿನ ವರ್ಷಕ್ಕಿರಲಿ.

ಬೀಳುವುದೂ ಕಲಿಯಬೇಕು

ಬೇಕೆಂದೇ ಬಿದ್ದು ಅಭ್ಯಾಸ ಮಾಡಿ, ಎದೆಯುದ್ದ ನೀರಿನಲ್ಲಿ. ಹಲಗೆಯ ಮೇಲೆ ಬೀಳಬಾರದು, ಪಕ್ಕಕ್ಕೆ ದೂರ ಬೀಳಬೇಕು. ಕಾಲು ಮುಂದಾಗಿಯೂ ಅಲ್ಲ, ತಲೆ ಮುಂದಾಗಿಯೂ ಅಲ್ಲ, ಮೈ ಚಪ್ಪಟೆ ಮಾಡಿ. ನೀರು ಎಷ್ಟು ಆಳವಿದೆಯೆಂದು ಕಲಕು ಹೊಳೆಯಲ್ಲಿ ಕಾಣುವುದಿಲ್ಲ, ಅಡಿಯಲ್ಲಿ ಚಿಪ್ಪಿನ ದಿಬ್ಬವಿರಬಹುದು. ಎದ್ದೊಡನೆ ಮೊದಲು ಹಿಡಿಯಬೇಕಾದ್ದು ಹಲಗೆಯನ್ನು. ಹುಟ್ಟು ತೇಲುತ್ತದೆ, ಆಮೇಲೆ ಹಲಗೆಯ ಮೇಲೆ ಮಲಗಿ ಕೈಬೀಸಿ ಹೋಗಿ ಹಿಡಿಯಬಹುದು.

ಮತ್ತೆ ಹತ್ತಲು ಪಕ್ಕದಿಂದ ನಡುವಿನ ಹಿಡಿಕೆ ಹಿಡಿಯಿರಿ. ಕಾಲನ್ನು ನೀರಿನಡಿಗೆ ಬಿಟ್ಟರೆ ಅದು ಹಲಗೆಯ ಕೆಳಗೇ ಸರಿಯುತ್ತದೆ, ಅದಕ್ಕೇ ಕಾಲು ಬಡಿದು ಮೈಯನ್ನು ಮೊದಲು ಅಡ್ಡ ತೇಲಿಸಿ, ಆಮೇಲೆ ಹೊಟ್ಟೆಯನ್ನು ಹಲಗೆಯ ಮೇಲಕ್ಕೆ ಜಾರಿಸಿ. ತೋಳಿನಲ್ಲಿ ಬಲ ಉಳಿದಿಲ್ಲದಿದ್ದರೆ ಬಾಲದ ಕಡೆಯಿಂದ ಹತ್ತುವುದು ಸುಲಭ, ಅಲ್ಲಿ ಹಲಗೆ ತಗ್ಗುತ್ತದೆ. ಮೂರು ಸಲ ಹೀಗೆ ಸಲೀಸಾಗಿ ಹತ್ತುವವರೆಗೆ ಆಳದ ಕಡೆ ಹೋಗಬೇಡಿ.

ಮೊದಲ ಸವಾರಿ

ಉಬ್ಬರ ತುಂಬುವುದಕ್ಕೆ ಸುಮಾರು ಒಂದೂವರೆ ಗಂಟೆ ಮೊದಲು ಇಳಿಯಿರಿ. ಏರುವ ನೀರಿನ ಜೊತೆ ಹೊಳೆಯ ಮೇಲ್ಭಾಗಕ್ಕೆ, ದಡದ ಬದಿಯಲ್ಲೇ ಹೊರಡಿ. ನೀರು ನಿಂತು ತಿರುಗುವ ಹೊತ್ತಿಗೆ ನೀವೂ ತಿರುಗಿ. ಬರುವಾಗ ಆಗತಾನೇ ಶುರುವಾದ ಮೆಲ್ಲಗಿನ ಇಳಿತ ಕೈಗೆ ಸಹಾಯವಾಗುತ್ತದೆ. ಎಲ್ಲ ಪುಸ್ತಕಗಳೂ ಮೊದಲು ಸೆಳೆತಕ್ಕೆ ಎದುರಾಗಿ ಹೋಗಿ ಎನ್ನುತ್ತವೆ, ವಾಪಸು ಬರುವಾಗ ದಣಿವಿರುತ್ತದೆ ಎಂದು. ನಮ್ಮ ಅಳಿವೆಗಳಲ್ಲಿ ಇಳಿತಕ್ಕೆ ಎದುರಾಗಿ ಹೊರಡುವುದಕ್ಕಿಂತ ಏರುನೀರಿನ ಜೊತೆ ಹೋಗುವುದೇ ವಾಸಿ, ಕಾರಣವೂ ಸರಳ. ಲೆಕ್ಕ ತಪ್ಪಿ ಮೇಲ್ಗಡೆ ಸಿಕ್ಕಿಕೊಂಡರೆ ಅಲ್ಲಿರುವುದು ಯಾರದ್ದೋ ತೆಂಗಿನ ತೋಟ. ಹಲಗೆ ಹೊತ್ತು ರಸ್ತೆಗೆ ನಡೆದು ರಿಕ್ಷಾ ಕರೆಯಬಹುದು. ಕೆಳಗಡೆ ಲೆಕ್ಕ ತಪ್ಪಿದರೆ ಅಲ್ಲಿರುವುದು ಅರಬ್ಬಿ ಸಮುದ್ರ.

ಒಬ್ಬರೇ ಹೋಗಬೇಡಿ, ಎಷ್ಟು ಹೊತ್ತಿಗೆ ಬರುತ್ತೇವೆಂದು ದಡದಲ್ಲಿ ಒಬ್ಬರಿಗೆ ಹೇಳಿ. ಸೆಳೆತ ಕೆಳಕ್ಕೆ ಎಳೆಯತೊಡಗಿದರೆ ನೇರ ಎದುರಿಸದೆ ಓರೆಯಾಗಿ ಹತ್ತಿರದ ದಡಕ್ಕೆ ಹೊಡೆಯಿರಿ, ಅಂಚಿನಲ್ಲಿ ನೀರು ಸಾಮಾನ್ಯವಾಗಿ ನಿಧಾನ. ಎಂಥ ದಣಿವಿನಲ್ಲೂ ಹಲಗೆ ಬಿಟ್ಟು ಈಜಬೇಡಿ, ಅದೇ ನಿಮ್ಮ ದೋಣಿ. ಅದನ್ನು ಬಿಡಬೇಕಾದ ಸಂದರ್ಭ ಒಂದೇ, ಲೀಶ್ ಕಂಬಕ್ಕೆ ಸಿಕ್ಕಿ ನಿಮ್ಮನ್ನು ಮುಳುಗಿಸುತ್ತಿರುವಾಗ. ಸಹಾಯಕ್ಕೆ ಮೂರು ಸೀಟಿ. ಫೋನಾದರೆ 112, ಅಳಿವೆ ದಾಟಿ ಹೋಗಿದ್ದರೆ ಕೋಸ್ಟ್ ಗಾರ್ಡಿನ 1554.

ನೀರಿನಲ್ಲಿ ಮೊದಲೇ ಇರುವವರು

ಪಡನ್ನ, ವಲಿಯಪರಂಬದ ಹಿನ್ನೀರಿನಲ್ಲಿ ಬಿದಿರ ಕಂಬಗಳ ಚೌಕಟ್ಟುಗಳು ಕಾಣುತ್ತವೆ. ಅವು ಪಚ್ಚಿಲೆಯ ಕೃಷಿ, ಮಲಯಾಳಿಗಳ ಕಲ್ಲುಮ್ಮಕ್ಕಾಯಿ. ಹಗ್ಗಕ್ಕೆ ಮರಿಗಳನ್ನು ಸುತ್ತಿ ನೀರಿಗೆ ಇಳಿಬಿಡುತ್ತಾರೆ, ಮಳೆ ಬಂದು ನೀರು ಸಿಹಿಯಾಗುವ ಮೊದಲೇ ಕೊಯ್ಲಾಗಬೇಕು. ಕಾಸರಗೋಡು ಈ ಕೃಷಿಗೆ ಹೆಸರಾದ ಜಿಲ್ಲೆ, ಬಹಳಷ್ಟು ಕಡೆ ಹೆಂಗಸರ ಗುಂಪುಗಳೇ ನಡೆಸುತ್ತವೆ. ಆ ಚೌಕಟ್ಟಿನೊಳಗೆ ಫೋಟೊಗೆಂದು ನುಗ್ಗುವುದು ಗದ್ದೆಗೆ ಇಳಿದು ಪೈರು ತುಳಿದ ಹಾಗೆಯೇ. ಕಂಬ ನೆಟ್ಟು ಕಟ್ಟಿದ ಬಲೆಗಳ ಕೆಳನೀರಿನ ಬದಿಯಿಂದ ದಾಟಿ, ಮೇಲ್ನೀರಿನ ಬದಿಯಿಂದ ಹೋದರೆ ಸೆಳೆತ ಬಲೆಗೇ ಒಯ್ಯುತ್ತದೆ. ಬೀಸುಬಲೆ ಹಿಡಿದು ನಿಂತವರನ್ನು ಕಂಡರೆ ದೂರದಿಂದಲೇ ಬಳಸಿ ಹೋಗಿ, ಮೀನು ಚೆದರಿದರೆ ಅವರ ಆ ದಿನದ ಸಂಪಾದನೆ ಹೋಯಿತು.

ಹೊಯಿಗೆಯ ತಗ್ಗು ನೀರಿನಲ್ಲಿ ತೊರಕೆ ಮೀನು ಮೈಮುಚ್ಚಿ ಮಲಗಿರುತ್ತದೆ. ಹೆಜ್ಜೆ ಎತ್ತಿ ಇಡದೆ ಪಾದ ಎಳೆಯುತ್ತ ನಡೆದರೆ ಅದೇ ಸರಿದುಹೋಗುತ್ತದೆ. ಮುಳ್ಳು ಚುಚ್ಚಿದರೆ ತಡೆಯುವಷ್ಟು ಬಿಸಿಯಾದ ನೀರಿನಲ್ಲಿ ಕಾಲಿಟ್ಟುಕೊಂಡರೆ ನೋವು ತಗ್ಗುತ್ತದೆ, ಆಮೇಲೆ ಡಾಕ್ಟರ ಹತ್ತಿರ. ಕಾಲಿನಲ್ಲಿ ಗಾಯವಿದ್ದರೆ ಮಳೆ ಬಂದ ಮರುದಿನ ಇಳಿಯಬೇಡಿ, ಇಲಿಜ್ವರದ ಭಯ ನಮ್ಮಲ್ಲಿ ಸುಮ್ಮನೆ ಹೇಳುವ ಮಾತಲ್ಲ.

ತಲೆಯ ಮೇಲೆ ಬಿಳಿಹೊಟ್ಟೆಯ ಕಡಲ ಹದ್ದು ತೇಲುವುದನ್ನು ನೋಡಬಹುದು. ಅದು 2023ರಲ್ಲಿ ಘೋಷಣೆಯಾದ ಜಿಲ್ಲೆಯ ಅಧಿಕೃತ ಹಕ್ಕಿ. ಕಾಸರ್ಕನ ಮರ ಅಧಿಕೃತ ಮರ. ಅಧಿಕೃತ ಪ್ರಾಣಿಯ ಪಟ್ಟ ಸಿಕ್ಕಿದ್ದು ಚಂದ್ರಗಿರಿಯ ಮೇಲ್ಭಾಗದಲ್ಲಿರುವ ಮೆದುಚಿಪ್ಪಿನ ದೈತ್ಯ ಆಮೆಗೆ. ತೀರಾ ಅಪರೂಪದ ಜೀವಿ, ಹೊಳೆದಂಡೆಯ ಹೊಯಿಗೆಯಲ್ಲಿ ಮೊಟ್ಟೆಯಿಡುತ್ತದೆ. ಮೇಲ್ಭಾಗಕ್ಕೆ ಹೋದವರು ಹೊಯಿಗೆ ದಂಡೆಯ ಮೇಲೆ ಹಲಗೆ ಎಳೆದಾಡುವುದು, ಒಲೆ ಹೂಡುವುದು ಬೇಡ.

ಮನೆಗೆ ಬಂದ ಮೇಲೆ

ಬಾವಿ ನೀರಿನಿಂದ ಹಲಗೆ, ಹುಟ್ಟು, ಲೀಶ್ ಎಲ್ಲವನ್ನೂ ತೊಳೆಯಿರಿ. ಹುಟ್ಟು ಮೂರು ತುಂಡಿನದ್ದಾದರೆ ಬಿಚ್ಚಿ ಒಳಗಿನ ಹೊಯಿಗೆ ತೆಗೆಯಿರಿ, ಇಲ್ಲವಾದರೆ ಉಪ್ಪು ಕಚ್ಚಿ ಮುಂದಿನ ಸಲ ಬಿಚ್ಚಲಾಗುವುದಿಲ್ಲ. ನೆರಳಲ್ಲಿ ಪೂರ್ತಿ ಒಣಗಿಸಿ, ಸಡಿಲವಾಗಿ ಸುತ್ತಿ. ಗಾಳಿ ಸೋರುವ ಅನುಮಾನವಿದ್ದರೆ ಸೋಪುನೀರು ಬಳಿದು ಗುಳ್ಳೆ ಎಲ್ಲೇಳುತ್ತದೆ ನೋಡಿ. ಹೆಚ್ಚಿನ ಸಲ ವಾಲ್ವಿನ ಸುತ್ತಲೇ ಇರುತ್ತದೆ, ಹಲಗೆಯ ಜೊತೆ ಬಂದ ಪ್ಲಾಸ್ಟಿಕ್ ಚಾವಿಯಿಂದ ಬಿಗಿದರೆ ಸರಿಯಾಗುತ್ತದೆ. ಮಳೆಗಾಲದಲ್ಲಿ ಚೀಲದೊಳಗೆ ಮುಚ್ಚಿಟ್ಟರೆ ಬೂಷ್ಟು ಗ್ಯಾರಂಟಿ. ಅರ್ಧ ಗಾಳಿ ತುಂಬಿ, ಒಲೆಯ ಶಾಖ ತಾಗದ ಕಡೆ, ಅಟ್ಟದ ತೊಲೆಗೆ ಅಗಲವಾದ ಪಟ್ಟಿಯಿಂದ ತೂಗಿಬಿಡಿ. ಇಲಿ ಹತ್ತದ ಜಾಗ ನೋಡಿಕೊಳ್ಳಿ.